ಗಳವೂ ಇರಲಿ, ಹುಟ್ಟೂ ಇರಲಿ

"ಗುರುಗಳೇ, ಎರಡನ್ನೂ ಹಿಡಿದುಕೊಂಡವನು ಜಾಣನಲ್ಲವೇ?" ಎಂದು ಇಂದುಧರ ಕೇಳಿದ.

ಇಂದುಧರ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಮುಂದಿನ ದಾರಿ ಯಾವುದೆಂದು ಯೋಚಿಸುವ ಕೆಲಸದಲ್ಲಿದ್ದ. ಮರುದಿನ ಬೆಳಿಗ್ಗೆ ಅದನ್ನು ಆಡಳಿತ ಮಂಡಳಿಯ ಮುಂದೆ ಹೇಳಬೇಕಿತ್ತು. ಪೆಟ್ರೋಲ್ ಎಂಜಿನ್ ಇರಲಿ, ಬ್ಯಾಟರಿಯೂ ಇರಲಿ, ಎರಡೂ ಸೇರಿದ ಹೈಬ್ರಿಡ್ ಕಾರನ್ನೇ ಮಾಡೋಣ ಎಂಬುದು ಅವನ ಸಲಹೆ. ಎಂಜಿನ್ ಮಾಡುವುದನ್ನು ಯಾವ ವರ್ಷ ನಿಲ್ಲಿಸಬೇಕು ಎಂಬುದನ್ನು ಮಾತ್ರ ಅವನು ಸೇರಿಸಿರಲಿಲ್ಲ. ಸೇರಿಸಿದರೆ ಅವನ ಕೆಲಸ ಹೋಗುತ್ತಿತ್ತು. ಸೇರಿಸದಿದ್ದರೆ ಒಂದು ದಿನ ಕಂಪನಿಯೇ ಹೋಗಬಹುದಿತ್ತು. "ಎಂಜಿನ್ ಬಿಟ್ಟ ಮೇಲೆ ನಾವು ಯಾರಪ್ಪ?" ಎಂದು ಅಧ್ಯಕ್ಷರು ಆಗಲೇ ಒಮ್ಮೆ ಕೇಳಿದ್ದರು. ಅಧ್ಯಕ್ಷರು ಉತ್ತರಕ್ಕಾಗಿ ಕೇಳುವವರಲ್ಲ.

"ಅವಸರಪಟ್ಟು ಬರೀ ಬ್ಯಾಟರಿ ಕಾರು ಮಾಡಿದವರು ಕೈ ಸುಟ್ಟುಕೊಂಡಿದ್ದಾರೆ. ಹೈಬ್ರಿಡ್ ಒಂದು ಸೇತುವೆ, ಗುರುಗಳೇ. ಈ ದಡದಲ್ಲಿ ಪೆಟ್ರೋಲು, ಆ ದಡದಲ್ಲಿ ಕರೆಂಟು. ಸೇತುವೆ ತಪ್ಪೇ?"

"ತಪ್ಪು ಅಂತ ಯಾರಂದರು? ಕೂತುಕೋ," ಎಂದ ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಹೊಳೆ ಅಷ್ಟೇನೂ ಆಳವಿರಲಿಲ್ಲ. ಅಲ್ಲಿಯವರು ಉದ್ದನೆಯ ಬಿದಿರಿನ ಗಳವನ್ನು ತಳಕ್ಕೆ ಊರಿ ದೋಣಿ ದೂಡುತ್ತಿದ್ದರು. ಅಪ್ಪ ಮಗನಿಗೆ ಕಲಿಸುತ್ತಿದ್ದ ಮೊದಲ ಪಾಠ, ಏನೇ ಆಗಲಿ ಗಳ ಬಿಡಬೇಡ ಎಂಬುದು. ಗಳ ಕಳೆದುಕೊಂಡು ದಡಕ್ಕೆ ಬಂದವನ ದೋಣಿಯನ್ನು ಉಳಿದ ಅಂಬಿಗರು ಮಗುಚಿ ಹಾಕುತ್ತಿದ್ದರು. ಆಮೇಲೆ ಅವನ ದೋಣಿಗೆ ಯಾರೂ ಹತ್ತುತ್ತಿರಲಿಲ್ಲ.

ಕೆಳಗಡೆ ಅಣೆಕಟ್ಟು ಏಳುತ್ತದೆ, ಹೊಳೆ ಏರುತ್ತದೆ, ಗಳ ತಳಕ್ಕೆ ಎಟುಕುವುದಿಲ್ಲ ಎಂಬ ಸುದ್ದಿ ಬಂತು. ಕೆಲವರು ಗಳವನ್ನು ಒಲೆಗೆ ಹಾಕಿ, ನೀರು ಬಗೆದು ದೋಣಿ ನಡೆಸುವ ಹುಟ್ಟು ಕೊಂಡರು. ಆ ವರ್ಷ ನೀರು ಏರಲಿಲ್ಲ. ಹುಟ್ಟು ಮರಳಿಗೆ ತಾಗಿ ದೋಣಿಗಳು ಅಲ್ಲಲ್ಲೇ ಕೂತವು. ಕಾಸು ಕೊಟ್ಟವರು ಪಂಚೆ ಎತ್ತಿ ಕಟ್ಟಿ ನಡೆದು ದಾಟಿದರು. ಇನ್ನು ಕೆಲವರು ಅಣೆಕಟ್ಟೆಂಬುದೇ ಸುಳ್ಳು ಎಂದು ಎಲೆ ಅಡಿಕೆ ಜಗಿಯುತ್ತ ಕೂತರು.

ನಮ್ಮ ಅಂಬಿಗ ಇವರೆಲ್ಲರಿಗಿಂತ ಬುದ್ಧಿವಂತ. ಗಳವೂ ಇರಲಿ, ಹುಟ್ಟೂ ಇರಲಿ ಎಂದ.

"ಏನಣ್ಣಾ, ಇದು ದೋಣಿಯೋ, ಬಿದಿರಿನ ಮಂಡಿಯೋ?" ಎಂದು ಹತ್ತುವವರು ಕೆಣಕುತ್ತಿದ್ದರು.

"ಮಂಡಿ ಅಂತಲೇ ತಿಳ್ಕೊಳ್ಳಿ. ಮುಳುಗದಿದ್ರೆ ಸಾಕು ತಾನೆ?"

ತೆಳುನೀರಿನಲ್ಲಿ ಗಳ, ಮಡುವಿನಲ್ಲಿ ಹುಟ್ಟು. ಕಡವಿನಲ್ಲಿ ಅವನ ದೋಣಿಯೇ ದೋಣಿಯಾಯಿತು. ಅವನಿಗೆ ತನ್ನ ಬುದ್ಧಿಯ ಮೇಲೆ ನಂಬಿಕೆ ಬಂತು. ಬರಬಾರದ ಹೊತ್ತಿನಲ್ಲಿ ಬಂತು.

ಮುಂದಿನ ಮಳೆಗಾಲಕ್ಕೆ ಅಣೆಕಟ್ಟಿನ ಬಾಗಿಲು ಹಾಕಿದರು. ನೀರು ಏರಿತು. ಈಗ ಹುಟ್ಟು ಹಿಡಿಯಬೇಕಿತ್ತು. ಆದರೆ ಅವನ ಕೈ ಪಳಗಿದ್ದು ಗಳಕ್ಕೆ. ಹಾಗಾಗಿ ಗಳದ ತುದಿಗೆ ಇನ್ನೊಂದು ಬಿದಿರು ಕಟ್ಟಿದ. ನೀರು ಮತ್ತೆ ಏರಿತು. ಮತ್ತೊಂದು ಕಟ್ಟಿದ. ಇಷ್ಟುದ್ದದ ಗಳ ಈ ಹೊಳೆ ಕಂಡೇ ಇಲ್ಲ ಎಂದು ಜನ ಹೊಗಳಿದರು. ಹುಟ್ಟುಗಳು ದೋಣಿಯ ತಳದಲ್ಲಿ ಬಿದ್ದಿದ್ದವು. ಅವುಗಳ ಮೇಲೆ ಮೂಟೆಗಳಿದ್ದವು.

ಒಂದು ಬೆಳಿಗ್ಗೆ ದೋಣಿ ತುಂಬಿತ್ತು. ಗಾಳಿ ಎದ್ದಿತ್ತು. ನಡುಹೊಳೆಯಲ್ಲಿ ಅವನು ಮೈಯೆಲ್ಲ ಬಲ ಹಾಕಿ ಗಳ ಊರಿದ. ನಿಂತ ನೀರಿನಡಿ ಮರಳಿನ ಮೇಲೆ ಹೂಳು ಕೂತಿತ್ತು. ಗಳ ಹೂತುಕೊಂಡಿತು. ಎಳೆದ. ಬರಲಿಲ್ಲ. ಗಾಳಿ ದೋಣಿಯನ್ನು ಬಂಡೆಯೊಂದರ ಕಡೆಗೆ ತಳ್ಳತೊಡಗಿತು.

"ಗಳ ಬಿಡೋ ಮಾರಾಯ! ಹುಟ್ಟು ತಗೋ!" ಎಂದು ಹಿಂದೆ ಕೂತಿದ್ದ ಮುದುಕಿ ಕೂಗಿದಳು.

"ಬಂತು ಅಜ್ಜಿ, ಇನ್ನೊಂದು ಚೂರು. ಬಂದೇ ಬಿಡ್ತು."

ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ತಲೆಯೆತ್ತಿ ದಡದ ಕಡೆ ನೋಡಿದ. ಕಡವಿನ ಅಂಬಿಗರೆಲ್ಲ ಎದ್ದು ನಿಂತಿದ್ದರು. ಅವರು ಬಂಡೆಯನ್ನು ನೋಡುತ್ತಿರಲಿಲ್ಲ, ದೋಣಿಯನ್ನೂ ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದರು. ಅವನ ಬೆರಳುಗಳು ಇನ್ನಷ್ಟು ಬಿಗಿದವು. ದೋಣಿಯನ್ನೂ ಬಿಡುವಂತಿರಲಿಲ್ಲ. ಕಾಲ್ಬೆರಳುಗಳನ್ನು ದೋಣಿಯ ಅಂಚಿಗೆ ಸಿಕ್ಕಿಸಿ ಹಿಡಿದ. ದೋಣಿ ಸರಿಯಿತು. ಅವನ ಮೈ ಚಾಚಿಕೊಂಡಿತು. ದೋಣಿ ಇನ್ನೂ ಸರಿಯಿತು. ಮುದುಕಿ ಯಾರ ಮೂಟೆ ಎಂದು ನೋಡದೆ ಒಂದೊಂದನ್ನೇ ನೀರಿಗೆಸೆಯುತ್ತ ಹುಟ್ಟಿಗಾಗಿ ತಡಕಾಡುತ್ತಿದ್ದಳು. ಅವನ ಕೈ ಗಳದ ಮೇಲಿತ್ತು, ಕಾಲು ದೋಣಿಯ ಮೇಲಿತ್ತು. ಹೊಟ್ಟೆಯ ಕೆಳಗೆ ಹೊಳೆ.

ಗುರುಗಳು ಅಲ್ಲಿಗೆ ನಿಲ್ಲಿಸಿ ಚೊಂಬೆತ್ತಿ ನೀರು ಕುಡಿದರು.

ಇಂದುಧರನಿಗೆ ತಡೆಯಲಾಗಲಿಲ್ಲ. "ದೋಣಿ ಏನಾಯಿತು?"

"ಮುದುಕಿಗೆ ಹುಟ್ಟು ಸಿಕ್ಕಿತು. ದೋಣಿಯಲ್ಲಿದ್ದವರೇ ವಕ್ರವಕ್ರವಾಗಿ ಹಾಕಿದರು. ದಡ ಸೇರಿದರು."

"ಮತ್ತೆ ಆ ಅಂಬಿಗ?"

"ಅವನೋ? ಸ್ವಲ್ಪ ಹೊತ್ತು ಸೇತುವೆಯಾಗಿದ್ದ."