ಹೂವಿನ ಕೆಳಗಿನ ಗಂಟು

ಬೆಳಗಿನ ಮಂಜು ಕವಿದಾಗ ಆ ಕಾಡಿನ ಕೆರೆಯಲ್ಲಿ ಆಕಾಶ ಯಾವುದು, ನೀರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಕೆರೆಯ ಮೇಲೆ ಬಾಗಿದ್ದ ಈಚಲ ಮರದ ತುಂಬ ಗೀಜಗನ ಗೂಡುಗಳು ತೂಗುತ್ತಿದ್ದವು. ಮೆಲ್ಲಗೆ ಗಾಳಿ ಬೀಸಿದರೆ ಸಾಕು ಮಕ್ಕಳೇ, ಮರವೇ ಅರೆನಿದ್ದೆಯಲ್ಲಿ ತೊಟ್ಟಿಲು ತೂಗುತ್ತಿದೆ ಅನ್ನಿಸುತ್ತಿತ್ತು.

ಆ ಮರದಲ್ಲಿ ಹೊಂಬ ಎಂಬ ಗೀಜಗನಿದ್ದ. ಹಳದಿ ತಲೆ, ಕನಸುಗಣ್ಣು. ಗೂಡು ಹೆಣೆಯಲು ಕೂತವನು ನೀರಿನಲ್ಲಿ ತೇಲುವ ಮೋಡ ನೋಡುತ್ತ ಮೈಮರೆಯುತ್ತಿದ್ದ. ಅಷ್ಟರಲ್ಲಿ ಸೀಳಿ ತಂದ ಹಸಿ ಹುಲ್ಲಿನ ಎಳೆಗಳು ಒಣಗಿಹೋದವು. ಆ ಒಣ ಎಳೆಗಳಿಂದಲೇ ಈಚಲ ಗರಿಯ ತುದಿಗೆ ಗಂಟು ಹಾಕಿ, ಗೂಡು ಇಳಿಬಿಟ್ಟ. ಮೂರನೇ ದಿನ ನೋಡುತ್ತಾನೆ, ಗಂಟು ಸಡಿಲವಾಗಿದೆ!

ಪಕ್ಕದ ಗರಿಯ ಮುದಿ ಗೀಜಗ ಬೋಳಜ್ಜನೂ ಅದನ್ನು ಕಂಡ. “ಬಿಚ್ಚಿ ಮತ್ತೆ ಕಟ್ಟೋ ಹೊಂಬ. ಗೂಡಿನ ಭಾರವೆಲ್ಲ ಹೊರುವುದು ಆ ಗಂಟೇ.”

“ಬಿಚ್ಚಿದರೆ ಇಡೀ ಗೂಡೇ ಹೋಗುತ್ತಲ್ಲ ಅಜ್ಜ! ಮೂರು ದಿನದ ಕೆಲಸ!”

“ಹೋದರೆ ಹೋಗಲಿ. ಇನ್ನೂ ಯಾರೂ ಒಳಗಿಲ್ಲವಲ್ಲ.”

ಹೊಂಬನಿಗೆ ಮನಸ್ಸು ಬರಲಿಲ್ಲ. ಕೆರೆಯಂಚಿನಿಂದ ಹಸಿ ಮಣ್ಣು ತಂದು ಗಂಟಿನ ಮೇಲೆ ಮೆತ್ತಿದ. ಅದರ ಮೇಲೆ ಹಳದಿ ತಂಗಡಿ ಹೂವಿನ ಎಸಳುಗಳನ್ನು ಅಂಟಿಸಿದ. ಎಳೆಬಿಸಿಲು ಬಿದ್ದಾಗ ಗೂಡು ಹೊನ್ನಿನಂತೆ ಹೊಳೆಯಿತು. ಅದನ್ನು ನೋಡಿದ ಬೋಳಜ್ಜ, ‘ಮತ್ತೆ ಕಟ್ಟಿರಬೇಕು’ ಎಂದುಕೊಂಡು ತನ್ನ ಗೂಡಿಗೆ ಮರಳಿದ.

ಗೂಡು ಹುಡುಕುತ್ತ ಸೋನೆ ಎಂಬ ಹೆಣ್ಣು ಗೀಜಗ ಬಂತು. ಹೂವು ಕಂಡು ಅದರ ಕಣ್ಣರಳಿತು. ಆದರೂ ಕೇಳಿತು, “ಗಂಟು ಎಲ್ಲಿ? ಒಮ್ಮೆ ಎಳೆದು ನೋಡುತ್ತೇನೆ.”

“ಹೂವಿನ ಕೆಳಗಿದೆ. ಎಳೆದರೆ ಎಸಳು ಉದುರುತ್ತೆ.”

“ಗಟ್ಟಿಯಾಗಿದೆ ತಾನೆ?”

ಹೊಂಬ ನೀರಿನತ್ತ ನೋಡಿದ. “ಇದೆ” ಅಂದ.

ಸೋನೆ ನಂಬಿತು. ಗೂಡಿನೊಳಗೆ ಎರಡು ಬಿಳಿ ಮೊಟ್ಟೆಗಳನ್ನಿಟ್ಟಿತು. ಹೊಂಬ ಮಾತ್ರ ದಿನವೂ ಗಾಳಿಯ ಸದ್ದಿಗೆ ಬೆಚ್ಚುತ್ತಿದ್ದ. ಹೇಳಿಬಿಡೋಣ ಅನ್ನಿಸುತ್ತಿತ್ತು, ಆದರೆ ಹೇಳದೆ ಗಂಟಿನ ಮೇಲೆ ಹೊಸ ಎಸಳು ಅಂಟಿಸುತ್ತಿದ್ದ.

ಒಂದು ಮಧ್ಯಾಹ್ನ ಮುಂಗಾರಿನ ಗಾಳಿ ಕೆರೆಯ ಮೇಲೆ ಓಡಿ ಬಂತು. ಎಸಳುಗಳು ಹಾರಿದವು. ಮಣ್ಣು ಉದುರಿತು. ಗಂಟು ಬಿಚ್ಚಿಕೊಂಡು, ಗೂಡು ದೊಪ್ಪನೆ ನೀರಿಗೆ ಬಿತ್ತು. ಸೋನೆ ಹೇಗೋ ಹೊರಬಂದು, ತೊಯ್ದ ರೆಕ್ಕೆ ಬಡಿಯುತ್ತ ಜೊಂಡಿನ ಮೇಲೆ ಕೂತಿತು. ಎರಡು ಬಿಳಿ ಚುಕ್ಕೆಗಳು ಹಸಿರು ನೀರಿನಲ್ಲಿ ನಿಧಾನವಾಗಿ ಇಳಿದು ಮರೆಯಾದವು.

“ಗಾಳಿ ಜೋರಾಗಿತ್ತು” ಅಂದ ಹೊಂಬ.

ಸೋನೆ ಮರದತ್ತ ನೋಡಿತು. ಉಳಿದ ಗೂಡುಗಳೆಲ್ಲ ತೂಗುತ್ತಲೇ ಇದ್ದವು.

ಹೊಂಬನ ತಲೆ ತಗ್ಗಿತು. “ಗಂಟು ಸಡಿಲವಿತ್ತು. ನನಗೆ ಗೊತ್ತಿತ್ತು.”

“ಗಂಟು ಯಾರಿಗಾದರೂ ತಪ್ಪುತ್ತೆ ಹೊಂಬ” ಅಂದಿತು ಸೋನೆ. “ತಪ್ಪಿದ್ದು ತಿಳಿದ ಮೇಲೂ ಅದರ ಮೇಲೆ ಹೂವಿಟ್ಟೆಯಲ್ಲ!”

ಹೊಂಬ ಮರುದಿನ ಮೋಡ ನೋಡಲಿಲ್ಲ. ಹಸಿ ಎಳೆ ಸೀಳಿದ ಕೂಡಲೇ ಹೆಣೆದ. ಬೋಳಜ್ಜನನ್ನು ಕರೆದು, “ಎಳೆದು ನೋಡಜ್ಜ” ಅಂದ. ಅಜ್ಜ ಎರಡು ಕಡೆ ಸಡಿಲವಿದೆ ಅಂದ; ಹೊಂಬ ಎರಡನ್ನೂ ಬಿಚ್ಚಿ ಕಟ್ಟಿದ. ಕೊನೆಗೆ ಗೂಡಿನ ಹೊಟ್ಟೆಗೆ ನಾಲ್ಕೇ ಎಸಳು ಅಂಟಿಸಿದ. ಗಂಟನ್ನು ಎಲ್ಲರಿಗೂ ಕಾಣುವಂತೆ ಬರಿದಾಗಿ ಬಿಟ್ಟ.

ಅಂದು ಹಾರಿಹೋಗಿದ್ದ ಸೋನೆ ಎಷ್ಟೋ ದಿನದ ಮೇಲೆ ಮರಳಿ ಬಂತು. ನೇರವಾಗಿ ಗಂಟು ಕಚ್ಚಿ ಎಳೆಯಿತು. ಮೈಭಾರವನ್ನೆಲ್ಲ ಬಿಟ್ಟು ಜೋತಾಡಿತು. ಗಂಟು ಕದಲಲಿಲ್ಲ.

“ಗಟ್ಟಿಯಾಗಿದೆ” ಅಂದಿತು. ಒಳಗೆ ಹೋಗುವ ಮುನ್ನ ಒಂದು ಗಳಿಗೆ ನಿಂತು, “ಹೂವೂ ಚೆನ್ನಾಗಿದೆ” ಅಂದಿತು.

ನೀತಿ: ಕಟ್ಟಿದ್ದಕ್ಕೆ ಚೆಲುವು ಒಡವೆಯಾಗಬೇಕು, ಅದರ ಕೊರತೆಗೆ ಮುಸುಕಾಗಬಾರದು.