ಕಂಬಕ್ಕೆ ಹೊಡೆದ ಬಿಳಿ ಪೇಂಟು

ಇದನ್ನು ನನಗೆ ಮೊದಲು ಹೇಳಿದವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಫ್ಲೋರಿನ್ ಮೇಡಂ. ನಾರ್ವೆ ದೇಶದಲ್ಲಿ ಎಂಟುನೂರು ವರ್ಷ ಹಳೆಯ ಒಂದು ಮರದ ಇಗರ್ಜಿ ಇತ್ತಂತೆ. ಕಟ್ಟಿದವರು ಅದರ ಕಂಬಗಳನ್ನು ಮಣ್ಣಿಗೆ ತಾಗಿಸದೆ, ಕಲ್ಲಿನ ಮೇಲಿಟ್ಟ ತೊಲೆಗಳ ಮೇಲೆ ನಿಲ್ಲಿಸಿದ್ದರು. ಮರ ಕೊಳೆಯದಿರಲೆಂದು ಆಗಾಗ ಪೈನ್ ಮರದಿಂದ ಇಳಿಸಿದ ಕರಿ ಎಣ್ಣೆ ಬಳಿಯುವುದು ಅಲ್ಲಿಯ ರೂಢಿ. ಬಿಷಪ್ಪರು ಬರುತ್ತಾರೆಂದು ತಿಳಿದದ್ದೇ ತಡ, ಊರಿನ ಹಿರಿಯರು ಎಣ್ಣೆ ಬಿಡಿಸಿ ಬಿಳಿ ಪೇಂಟು ಹೊಡೆಸಿದರು.

“ಏನಜ್ಜಾ, ಈಗ ನಾಲ್ಕು ಜನ ನೋಡುವ ಹಾಗಾದೆ,” ಎಂದಿತು ಪೇಂಟು. “ನಿನ್ನ ಕರಿ ಮೋರೆಗೆ ಬಿಷಪ್ಪರು ಹೆದರಬಾರದಲ್ಲ!”

ಬಾಗಿಲ ಪಕ್ಕದ ಮೂಲೆಯ ಕಂಬಕ್ಕೆ ಮೈಯೆಲ್ಲ ಉರಿಯಿತು. “ಸುಡು ನಿನ್ನ ಉಪಚಾರ! ಎಣ್ಣೆ ನನ್ನೊಳಗೆ ಇಳಿದು ಕಾಯುತ್ತಿತ್ತು. ನೀನು ಮೇಲೆ ಕೂತು ಉಸಿರು ಕಟ್ಟಿಸಿದ್ದೀಯ. ಬಿರುಕಿನಲ್ಲಿ ಹೊಕ್ಕ ನೀರಿಗೆ ಹೊರಗೆ ದಾರಿಯಿಲ್ಲ. ಕೊಳೆಯುತ್ತಿದ್ದೇನೆ, ಬಿಡು ನನ್ನನ್ನು!”

“ಒಳಗಿನದು ಯಾರಿಗೆ ಕಾಣುತ್ತದೆ? ಸುಮ್ಮನೆ ನಿಲ್ಲು.”

ಕಂಬ ಸುಮ್ಮನೆ ನಿಲ್ಲಲಿಲ್ಲ. ಹಿಮ ಕರಗಿದ ನೀರನ್ನೆಲ್ಲ ಕುಡಿದು ಮೈ ಉಬ್ಬಿಸಿತು. ಬಿಷಪ್ಪರು ಬಾಗಿಲಲ್ಲಿ ಕಾಲಿಡುವಾಗ ಪೇಂಟು ಚಕ್ಕೆಚಕ್ಕೆಯಾಗಿ ಎದ್ದು ಅವರ ಟೋಪಿಯ ಮೇಲೆ ಉದುರಿತು.

“ಅಯ್ಯೋ, ನನ್ನ ಮಾನ ಕಳೆದೆಯಲ್ಲೋ!”

“ನಾನು ಬಿದ್ದಿದ್ದರೆ ಗಾಳಿಗೆ ಅಂಟಿಕೊಳ್ಳುತ್ತಿದ್ದೆಯೇನು?” ಎಂದು ಗದರಿತು ಕಂಬ.

ನಿಮ್ಮೂರಿನ ಹಳೇ ಗುಡಿಯ ಕಂಬಕ್ಕೆ ಯಾರಾದರೂ ಪೇಂಟು ಹೊಡೆಯಲು ಡಬ್ಬ, ಬ್ರಷ್ಷು ಹಿಡಿದು ಬಂದರೆ, ಮುಚ್ಚಳ ತೆಗೆಯುವ ಮೊದಲೇ ಅವರನ್ನು ಕೂರಿಸಿ ಈ ಕಥೆ ಹೇಳಿಬಿಡಿ.