ತೂಬು ತೆರೆದೇ ಇತ್ತು

ಕೆಸರಿನಲ್ಲಿ ಸಲೀಸಾಗಿ ಮೀನು ಸಿಗಲೆಂದು ಕೆರೆಯ ಯಜಮಾನ ಕಾಗೆ ತೂಬು ತೆರೆದಿಟ್ಟಿತು. ಅದನ್ನು ಮುಚ್ಚಲು ಸಭೆಯ ಒಪ್ಪಿಗೆ ಬೇಕು. ಹಕ್ಕಿಗಳು ಸೇರಿದವು. ಬೆಳ್ಳಕ್ಕಿ ಎದ್ದು, "ಕರಿಜಾತಿಗೆ ಅಧಿಕಾರ ಕೊಟ್ಟರೆ ಇನ್ನೇನಾಗುತ್ತದೆ?" ಎಂದಿತು.

ಕಾಗೆ ಕಣ್ಣೊರೆಸಿಕೊಂಡಿತು. "ಕೇಳಿದಿರಲ್ಲ, ನನ್ನ ಬಣ್ಣಕ್ಕೆ ಬೈದರು. ಇದು ಇತ್ಯರ್ಥವಾಗುವವರೆಗೆ ಬೇರೆ ಮಾತಿಲ್ಲ."

ಮಧ್ಯಾಹ್ನದವರೆಗೂ ಸಭೆ ಆ ಒಂದು ಮಾತಿಗೇ ಕಚ್ಚಾಡಿತು. ಕೆರೆ ಇಳಿಯುತ್ತಲೇ ಇತ್ತು.

ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಯೂ ಕಪ್ಪೇ. ಅದಕ್ಕೆ ತಡೆಯಲಾಗಲಿಲ್ಲ. "ಬೆಳ್ಳಕ್ಕಿಯವರೇ, ತೂಬು ತೆರೆದದ್ದು ಇವರೊಬ್ಬರು, ನೀವು ಬೈದದ್ದು ಗೂಡಿನಲ್ಲಿರುವ ನನ್ನ ಮರಿಗಳನ್ನೂ ಸೇರಿಸಿ. ಯಜಮಾನರೇ, ಆ ಬೈಗುಳ ನನಗೂ ಚುಚ್ಚಿದೆ, ಅದರ ಹಿಂದೆ ನೀವು ಅವಿತುಕೊಳ್ಳಬೇಡಿ. ತೂಬು ಯಾಕೆ ತೆರೆದಿರಿ?"

"ನಮ್ಮವನಾಗಿ ನನಗೇ ದ್ರೋಹ ಬಗೆದೆಯಾ?" ಎಂದಿತು ಕಾಗೆ.

"ಕರಿಯರ ಬುದ್ಧಿಯೇ ಇಷ್ಟು," ಎಂದಿತು ಬೆಳ್ಳಕ್ಕಿ.

ಸಭೆ ಮತ್ತೆ ಕಚ್ಚಾಟಕ್ಕಿಳಿಯಿತು.

ಸಂಜೆಗೆ ಕೆರೆ ಬರಿದಾಯಿತು. ಕಾಗೆಯೂ ಬೆಳ್ಳಕ್ಕಿಯೂ ಕೆಸರಿನಲ್ಲಿ ಪಕ್ಕಪಕ್ಕ ನಿಂತು ಮೀನು ಹೆಕ್ಕುತ್ತಿದ್ದವು. ನೀರುಕಾಗೆಗೆ ಮುಳುಗಲು ನೀರಿರಲಿಲ್ಲ.